ಕೊನೆಯ ಮನೆಯಿಂದ ಶುರು ಮಾಡಿ: ಹಳ್ಳಿಗೆ ಒಳ್ಳೆಯ ನೀರು, ಬಳಸುವ ಶೌಚಾಲಯ ತರುವ ದಾರಿ

"ನಮ್ಮೂರಿಗೆ ಒಳ್ಳೆ ನೀರು ಬರಬೇಕು, ಏನು ಮಾಡಬೇಕು ಹೇಳಿ." ಈ ಪ್ರಶ್ನೆ ಕೇಳುವವರು ತುಂಬಾ ಜನ. ಊರಲ್ಲೇ ಇರುವವರು ಕೇಳುತ್ತಾರೆ. ಕೆಲಸಕ್ಕೆಂದು ಬೆಂಗಳೂರು ಸೇರಿದವರು ಕೇಳುತ್ತಾರೆ. ಹೊರದೇಶದಿಂದ ದುಡ್ಡು ಕಳಿಸಲು ತಯಾರಿರುವವರೂ ಕೇಳುತ್ತಾರೆ. ಅವರ ಮನಸ್ಸಿನಲ್ಲಿ ಆಗಲೇ ಒಂದು ವಸ್ತು ಇರುತ್ತದೆ: ಒಂದು ಬೋರ್‌ವೆಲ್, ಇಲ್ಲವೇ ಒಂದು ಟ್ಯಾಂಕು, ಇಲ್ಲವೇ ನಾಣ್ಯ ಹಾಕಿದರೆ ನೀರು ಬರುವ ಘಟಕ. ಕೊಟ್ಟವರ ಹೆಸರು ಬರೆದ ಕಲ್ಲಿನ ಪಕ್ಕದಲ್ಲೇ ಬೀಗ ಬಿದ್ದಿರುವ ಘಟಕಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ವಸ್ತುವಿನ ಮಾತು ಆಮೇಲೆ. ಮೊದಲು ಊರಿನ ಮಾತು.

ಲೆಕ್ಕಕ್ಕೆ ಸುಲಭವಾಗಲಿ ಎಂದು ಬಯಲುಸೀಮೆಯ ಒಂದು ಹಳ್ಳಿಯನ್ನು ಇಟ್ಟುಕೊಳ್ಳೋಣ. 200 ಮನೆ, ಸಾವಿರ ಜನ, ಬೋರ್‌ವೆಲ್ ನೀರು, ಒಂದು ಓವರ್‌ಹೆಡ್ ಟ್ಯಾಂಕು. ಕರಾವಳಿ, ಮಲೆನಾಡಿನಲ್ಲಿ ಬೇರೆ ರೀತಿ ಮಾಡಬೇಕಾದ ಕಡೆ ಅದನ್ನೂ ಹೇಳುತ್ತೇನೆ.

ನಿಮಗೆ ಬೇಕಾಗುವುದು ಇಷ್ಟು: ಒಂದು ದಪ್ಪ ನೋಟ್‌ಬುಕ್, 20 ಲೀಟರಿನ ಒಂದು ಬಕೆಟ್, ಗಡಿಯಾರವಿರುವ ಫೋನು, ಜೊತೆಗೆ ಓಡಾಡುವ ನಾಲ್ಕೈದು ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ. ಎಷ್ಟು ಗಂಟೆಗೆ ನೀರು ಬಿಡುತ್ತಾರೆ, ಎಷ್ಟು ಕೊಡ ಸಿಗುತ್ತದೆ, ಯಾವ ತಿಂಗಳು ನಿಲ್ಲುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಇದಕ್ಕೆಲ್ಲ ಒಂದು ವರ್ಷ ಹಿಡಿಯುತ್ತದೆ ಎಂದೇ ತಿಳಿದು ಹೊರಡಿ. ಬೇಸಿಗೆ, ಮಳೆಗಾಲ ಎರಡನ್ನೂ ನೋಡದೆ ಊರಿನ ನೀರು ಅರ್ಥವಾಗುವುದಿಲ್ಲ.

1. ಊರು ನಡೆಯಿರಿ

ಪಂಚಾಯಿತಿ ಕಚೇರಿಯಿಂದ ಶುರು ಮಾಡಬೇಡಿ. ಟ್ಯಾಂಕಿನಿಂದ ಅತಿ ದೂರ ಅಥವಾ ಅತಿ ಎತ್ತರದಲ್ಲಿರುವ ಮನೆಗೆ ಹೋಗಿ. ತುಂಬಾ ಊರುಗಳಲ್ಲಿ ಆ ಮನೆ ದಲಿತರ ಕೇರಿಯಲ್ಲಿರುತ್ತದೆ, ಇಲ್ಲವೇ ಆಮೇಲೆ ಎದ್ದ ಹೊಸ ಬಡಾವಣೆಯಲ್ಲೋ ತಾಂಡಾದಲ್ಲೋ ಇರುತ್ತದೆ. ಅಲ್ಲಿ ನಲ್ಲಿ ಇದೆಯಾ? ಇದ್ದರೆ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು? ವಾರದಲ್ಲಿ ಎಷ್ಟು ದಿನ ನೀರು ಬರುತ್ತದೆ? ಬಾರದ ದಿನ ಎಲ್ಲಿಂದ ತರುತ್ತಾರೆ, ಯಾರು ತರುತ್ತಾರೆ? ಬರೆದುಕೊಳ್ಳಿ. ಈ ಒಂದು ಮನೆಯೇ ನಿಮ್ಮ ಇಡೀ ಕೆಲಸದ ಅಳತೆಗೋಲು. ಮುಂದೆ ಯಾರೇ "ಕೆಲಸ ಮುಗೀತು" ಅಂದರೂ ಈ ಮನೆಗೆ ಬಂದು ನಲ್ಲಿ ತಿರುಗಿಸಿ ನೋಡಿ.

ಅಲ್ಲಿಂದ ಟ್ಯಾಂಕಿನವರೆಗೆ ನಡೆದುಕೊಂಡು ಬನ್ನಿ. ಒಂದು ದೊಡ್ಡ ಹಾಳೆಯ ಮೇಲೆ ಬೋರ್‌ವೆಲ್, ಹಳೆ ಬಾವಿ, ಪೈಪು, ವಾಲ್ವ್, ಚರಂಡಿ, ತಿಪ್ಪೆ, ಶೌಚಾಲಯದ ಗುಂಡಿ ಎಲ್ಲವನ್ನೂ ಗುರುತು ಮಾಡಿ. ಎರಡು ವಿಷಯ ಕಣ್ಣಿಗೆ ಬಿದ್ದರೆ ದಪ್ಪ ಗೆರೆ ಎಳೆಯಿರಿ. ಒಂದು, ಚರಂಡಿಯೊಳಗೆ ಹಾದುಹೋಗುವ ನೀರಿನ ಪೈಪು. ಇನ್ನೊಂದು, ಗುಂಡಿ ನಲ್ಲಿ. ಒತ್ತಡ ಸಾಲದೆ ನೀರು ಮೇಲೇರದಿದ್ದಾಗ ಜನ ನೆಲ ತೋಡಿ, ಗುಂಡಿಯೊಳಗೆ ಪೈಪಿನ ಬಾಯಿ ಬಿಟ್ಟು ಕೊಡ ತುಂಬಿಸುತ್ತಾರಲ್ಲ, ಅದು. ನೀರು ನಿಲ್ಲಿಸಿದ ಕೂಡಲೇ ಪೈಪಿನೊಳಗೆ ಸೆಳೆತ ಹುಟ್ಟುತ್ತದೆ. ಗುಂಡಿಯ ಕೊಳಕು ನೀರು, ಬಟ್ಟೆ ಒಗೆದ ನೀರು, ದನದ ಗಂಜಲ ಎಲ್ಲ ಒಳಗೆ ಹೋಗುತ್ತದೆ. ಮರುದಿನ ಅದು ಮುಂದಿನ ಮನೆಯ ಬಿಂದಿಗೆಗೆ ಬರುತ್ತದೆ. ಹಳ್ಳಿಗಳಲ್ಲಿ ವಾಂತಿ ಭೇದಿ ಏಳುವುದಕ್ಕೆ ಇವೆರಡು ದೊಡ್ಡ ಕಾರಣ.

2. ಸಮಿತಿಗೆ ಜೀವ ತುಂಬಿ, ಗ್ರಾಮಸಭೆಯಲ್ಲಿ ಬರೆಸಿ

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅದರ ಪ್ರಕಾರ ಪ್ರತಿ ಹಳ್ಳಿಯಲ್ಲೂ 'ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ' ಇರಬೇಕು. ಇದು ಗ್ರಾಮ ಪಂಚಾಯಿತಿಯ ಉಪಸಮಿತಿ. 10ರಿಂದ 15 ಜನ ಸದಸ್ಯರು. ಅರ್ಧದಷ್ಟು ಹೆಂಗಸರು, ಕಾಲುಭಾಗದವರೆಗೆ ಪಂಚಾಯಿತಿ ಸದಸ್ಯರು, ಉಳಿದವರು ಊರಿನ ದುರ್ಬಲ ವರ್ಗದವರು. ನಿಮ್ಮೂರಲ್ಲೂ ಇದು ಕಾಗದದ ಮೇಲೆ ಇದ್ದೇ ಇರಬಹುದು. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರ ಹತ್ತಿರ ಸದಸ್ಯರ ಪಟ್ಟಿ ಕೇಳಿ. ತಾವು ಸದಸ್ಯರು ಅನ್ನುವುದೇ ಗೊತ್ತಿಲ್ಲದವರು ಆ ಪಟ್ಟಿಯಲ್ಲಿ ಸಿಗುತ್ತಾರೆ. ಜಗಳಕ್ಕೆ ಹೋಗಬೇಡಿ. ಅವರನ್ನು ಕೂರಿಸಿ ಮೊದಲ ಸಭೆ ಮಾಡಿಸಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ನಿಮ್ಮ ನಕ್ಷೆಯನ್ನು ಅಲ್ಲಿ ತೂಗುಹಾಕಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ನಡಾವಳಿ ಪುಸ್ತಕದಲ್ಲಿ ಬರೆಸಿದ್ದು ಉಳಿಯುತ್ತದೆ. ಠರಾವಿನಲ್ಲಿ ಕೊನೆಯ ಮನೆಯ ಸ್ಥಿತಿಯನ್ನು ಅಂಕಿಯ ಜೊತೆ ಬರೆಸಿ: ಬಕೆಟ್ ತುಂಬಲು ಇಷ್ಟು ನಿಮಿಷ, ವಾರಕ್ಕೆ ಇಷ್ಟು ದಿನ. ಪ್ರತಿ ತಗೊಳ್ಳಿ.

ಎಚ್ಚರಿಕೆ: ದುಡ್ಡು ಕೊಡುವ ದಾನಿ ಸಿಕ್ಕಿದ್ದಾರೆ ಎಂದು ಪಂಚಾಯಿತಿಯನ್ನು ಬಿಟ್ಟು ಕೆಲಸ ಮಾಡಬೇಡಿ. ಕರೆಂಟ್ ಬಿಲ್ ಕಟ್ಟುವುದು ಪಂಚಾಯಿತಿ, ಊರಿಗೆ ನೀರು ಬಿಡುವ ನೀರಗಂಟಿಗೆ ಸಂಬಳ ಕೊಡುವುದು ಪಂಚಾಯಿತಿ. ಅವರದ್ದಲ್ಲದ ಯೋಜನೆಯ ಮೋಟರು ಸುಟ್ಟ ದಿನ ಯಾರೂ ಬರುವುದಿಲ್ಲ.

3. ಎಷ್ಟು ನೀರು ಬೇಕು, ಎಷ್ಟಿದೆ

ಸರ್ಕಾರದ ಅಳತೆ ಒಬ್ಬರಿಗೆ ದಿನಕ್ಕೆ 55 ಲೀಟರ್. ಸಾವಿರ ಜನರಿಗೆ 55,000 ಲೀಟರ್. ದನಕರುಗಳನ್ನು ಮರೆಯಬೇಡಿ. ಒಂದು ಹಸುವಿಗೇ 40–50 ಲೀಟರ್ ಬೇಕು. ನೂರು ರಾಸುಗಳಿದ್ದರೆ ಇನ್ನೊಂದು 5,000 ಸೇರಿಸಿ. ಸೋರಿಕೆಗೆ ಶೇ 15 ಬಿಡಿ. ಎಲ್ಲ ಸೇರಿ ದಿನಕ್ಕೆ ಹತ್ತಿರ ಹತ್ತಿರ 70,000 ಲೀಟರ್.

ಈಗ ಇರುವ ನೀರನ್ನು ಅಳೆಯೋಣ. ಬೋರ್‌ವೆಲ್ ಕೊರೆಯುವವರು "ಎರಡು ಇಂಚು ನೀರು" ಅನ್ನುತ್ತಾರೆ. ಅದು ಕೊರೆದ ದಿನದ ಮಾತು. ನಿಮಗೆ ಬೇಕಾದ್ದು ಏಪ್ರಿಲ್, ಮೇ ತಿಂಗಳ ಮಾತು. ಆ ಬೇಸಿಗೆಯಲ್ಲಿ ಪಂಪನ್ನು ಒಂದು ಗಂಟೆ ಓಡಿಸಿ, ಆಮೇಲೆ 20 ಲೀಟರಿನ ಬಕೆಟ್ ಹಿಡಿಯಿರಿ. 20 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 60 ಲೀಟರ್, ಗಂಟೆಗೆ 3,600. ದಿನಕ್ಕೆ 8 ಗಂಟೆ ಪಂಪು ಓಡಿದರೆ 28,800 ಲೀಟರ್. ಬೇಕಾದದ್ದರ ಅರ್ಧವೂ ಆಗಲಿಲ್ಲ, ಅಲ್ವಾ? ಇಂಥ ಊರಲ್ಲಿ ಹೊಸ ಪೈಪು ಹಾಕಿಸಿ ಪ್ರಯೋಜನವಿಲ್ಲ. ಮೊದಲು ಎರಡನೇ ಮೂಲ ಹುಡುಕಬೇಕು.

ಮೂಲವನ್ನು ಕಾಪಾಡಲು ಒಂದು ಕಾನೂನು ಇದೆ. ಜನ ಅದನ್ನು ಬಳಸುವುದೇ ಕಡಿಮೆ. ಕರ್ನಾಟಕದ 1999ರ ಅಂತರ್ಜಲ ಕಾಯ್ದೆ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಬಂದದ್ದು. ಊರಿನ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಯಾರೂ ಹೊಸ ಬಾವಿ, ಬೋರ್‌ವೆಲ್ ತೆಗೆಯುವಂತಿಲ್ಲ. ಪಕ್ಕದ ತೋಟದಲ್ಲಿ ಕೊರೆಯುವ ಲಾರಿ ಬಂದು ನಿಂತಾಗ ಪಂಚಾಯಿತಿಗೆ ಬರವಣಿಗೆಯಲ್ಲಿ ದೂರು ಕೊಡಿ. ಬತ್ತಿಹೋದ ಬೋರ್‌ವೆಲ್‌ಗಳ ಬಾಯಿಯನ್ನು ಇವತ್ತೇ ಮುಚ್ಚಿಸಿ. ಮಕ್ಕಳು ಬೀಳುತ್ತಾರೆ. ಕೊಳಕು ನೀರೂ ನೇರ ಅಂತರ್ಜಲಕ್ಕೆ ಇಳಿಯುತ್ತದೆ.

4. ನೀರು ಪರೀಕ್ಷೆ ಮಾಡಿಸಿ

ತಿಳಿಯಾಗಿದೆ, ಸಿಹಿಯಾಗಿದೆ ಅಂದಮಾತ್ರಕ್ಕೆ ಒಳ್ಳೆಯ ನೀರಲ್ಲ. ಫ್ಲೋರೈಡ್‌ಗೆ ಬಣ್ಣ ಇಲ್ಲ, ರುಚಿ ಇಲ್ಲ. ಆರ್ಸೆನಿಕ್ ಅನ್ನುವ ವಿಷವೂ ಹಾಗೆಯೇ.

ಪರೀಕ್ಷೆ ಎರಡು ಬಗೆ. ಮೊದಲನೆಯದು ಊರಲ್ಲೇ ಮಾಡುವ ಕಿಟ್. ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐದು ಹೆಂಗಸರಿಗೆ ಇದನ್ನು ಬಳಸುವ ತರಬೇತಿ ಕೊಡಬೇಕು. ಕಿಟ್ ಪಂಚಾಯಿತಿಯ ಕಪಾಟಿನಲ್ಲಿ ಕೂತಿರಬಹುದು, ಕೇಳಿ ತೆಗೆಸಿ. ಔಷಧಿಗಳ ಅವಧಿ ಮುಗಿದಿಲ್ಲವೇ ನೋಡಿ. ಜೊತೆಗೆ ಒಂದು ಚಿಕ್ಕ ಬಾಟಲಿ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಸೂಕ್ಷ್ಮಜೀವಿ ಸೇರಿದ್ದಲ್ಲಿ ನೀರು ಕಪ್ಪಾಗುತ್ತದೆ. ಊರಿನವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ಅಂಕಿ ಓದಿ ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಕಪ್ಪಾದ ಬಾಟಲಿಯನ್ನು ಗ್ರಾಮಸಭೆಯ ಮೇಜಿನ ಮೇಲಿಟ್ಟರೆ ಎಲ್ಲರೂ ಎದ್ದು ಬಂದು ನೋಡುತ್ತಾರೆ.

ಎರಡನೆಯದು ಪ್ರಯೋಗಾಲಯ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ವರ್ಷಕ್ಕೆ ಎರಡು ಸಲ ಮಾಡಿಸಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಸೂಕ್ಷ್ಮಜೀವಿ ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಬಾಟಲಿಯಲ್ಲೇ ನೀರು ಹಿಡಿಯಿರಿ. ಮನೆಯ ಜ್ಯೂಸ್ ಬಾಟಲಿ ತೊಳೆದು ಹಿಡಿದರೆ ಆ ಬಾಟಲಿಯ ಕೊಳೆಯೇ ವರದಿಯಲ್ಲಿ ಬರುತ್ತದೆ. ನಲ್ಲಿಯನ್ನು ಎರಡು ನಿಮಿಷ ಹರಿಯಬಿಟ್ಟು ಆಮೇಲೆ ಹಿಡಿಯಿರಿ, ಮುಚ್ಚಳದ ಒಳಭಾಗ ಮುಟ್ಟಬೇಡಿ, ತಂಪಾಗಿಟ್ಟು ಅದೇ ದಿನ ತಲುಪಿಸಿ. ಒಂದು ಮಾದರಿ ಬೋರ್‌ವೆಲ್‌ನದ್ದು, ಒಂದು ಕೊನೆಯ ಮನೆಯ ನಲ್ಲಿಯದ್ದು. ಬೋರ್‌ವೆಲ್ ನೀರು ಚೊಕ್ಕಟವಾಗಿದ್ದು ಕೊನೆಯ ಮನೆಯದ್ದು ಕೆಟ್ಟಿದ್ದರೆ ತಪ್ಪು ಭೂಮಿಯದ್ದಲ್ಲ, ಪೈಪಿನದ್ದು ಅಥವಾ ಟ್ಯಾಂಕಿನದ್ದು.

ವರದಿ ಬಂದಾಗ ಈ ಸಾಲುಗಳನ್ನು ನೋಡಿ. ಎಲ್ಲ ಅಂಕಿಯೂ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ.

ಫ್ಲೋರೈಡ್ 1ರ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಗದಗ, ಕೊಪ್ಪಳ, ರಾಯಚೂರು ಕಡೆಯವರು ಈ ಸಾಲನ್ನೇ ಮೊದಲು ನೋಡಬೇಕು. ಜಾಸ್ತಿಯಾದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ.

ನೈಟ್ರೇಟ್ 45 ದಾಟಬಾರದು. ಹೊಲದ ಗೊಬ್ಬರ, ತಿಪ್ಪೆ, ಶೌಚಾಲಯದ ಗುಂಡಿಯಿಂದ ಇದು ಇಳಿಯುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಅಪಾಯ. ಬಾಟಲಿ ಹಾಲು ಕಲಸಲು ಈ ನೀರು ಬೇಡವೇ ಬೇಡ.

ಆರ್ಸೆನಿಕ್ 0.01 ದಾಟಬಾರದು. ರಾಯಚೂರು, ಯಾದಗಿರಿಯ ಚಿನ್ನದ ಅದಿರಿನ ಪಟ್ಟಿಯಲ್ಲಿ ಕೆಲವು ಹಳ್ಳಿಗಳ ನೀರಿನಲ್ಲಿ ಇದು ಸಿಕ್ಕಿದೆ. ಅಲ್ಲಿಯವರು ಕೇಳಿ ಪರೀಕ್ಷೆ ಮಾಡಿಸಿ.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ತೂಕ. 500ರ ಒಳಗೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2000ದವರೆಗೆ. ಪೆನ್ನಿನಂಥ ಮೀಟರ್ ತಂದು ಟಿಡಿಎಸ್ ಒಂದನ್ನೇ ತೋರಿಸಿ ಯಂತ್ರ ಮಾರುವವರು ಬರುತ್ತಾರೆ. ಆ ಮೀಟರಿಗೆ ಫ್ಲೋರೈಡೂ ಗೊತ್ತಿಲ್ಲ, ಸೂಕ್ಷ್ಮಜೀವಿಯೂ ಗೊತ್ತಿಲ್ಲ.

ಇ. ಕೊಲೈ, ಅಂದರೆ ಮಲದ ಗುರುತು ಹೇಳುವ ಸೂಕ್ಷ್ಮಜೀವಿ. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

5. ರೋಗಕ್ಕೆ ತಕ್ಕ ಮದ್ದು

ಇಲ್ಲೇ ಜನ ಹೆಚ್ಚು ಎಡವುವುದು. ಸೂಕ್ಷ್ಮಜೀವಿಗೆ ಕುದಿಸುವುದು, ಬ್ಲೀಚಿಂಗ್ ಹಾಕುವುದು ಮದ್ದು. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗೆ ಇವು ಮದ್ದಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತದೆ. ಫ್ಲೋರೈಡ್ ಇರುವ ಊರಲ್ಲಿ "ಕುದಿಸಿ ಕುಡಿಯಿರಿ" ಅಂತ ಮಾತ್ರ ಹೇಳಿ ಬಂದರೆ ನಿಮ್ಮನ್ನು ನಂಬಿದವರಿಗೆ ಅನ್ಯಾಯ ಮಾಡಿದಂತೆ.

ಫ್ಲೋರೈಡ್ ಊರಿಗೆ ಒಳ್ಳೆಯ ದಾರಿ ಬೇರೆ ಮೂಲ. ನದಿ, ಜಲಾಶಯದಿಂದ ಹಲವು ಊರುಗಳಿಗೆ ನೀರು ತರುವ ಬಹುಗ್ರಾಮ ಯೋಜನೆ ನಿಮ್ಮ ಕಡೆಗಿದೆಯಾ ಕೇಳಿ. ಅದು ಬರುವವರೆಗೆ ಕುಡಿಯುವುದಕ್ಕೂ ಅಡುಗೆಗೂ ಮಾತ್ರ ಬೇರೆ ನೀರು ಸಾಕು. ಅದಕ್ಕೆ ಒಬ್ಬರಿಗೆ ದಿನಕ್ಕೆ 8–10 ಲೀಟರ್. ಸ್ನಾನಕ್ಕೆ, ಬಟ್ಟೆಗೆ, ದನಕ್ಕೆ ಇರುವ ನೀರೇ ಆಗುತ್ತದೆ.

ಆ ಬೇರೆ ನೀರು ಶುದ್ಧ ಕುಡಿಯುವ ನೀರಿನ ಘಟಕದಿಂದ ಬರಬಹುದು. ಅದರೊಳಗೆ ಒಂದು ಪೊರೆ ಇದೆ. ಒತ್ತಡದಿಂದ ನೀರನ್ನು ಅದರ ಮೂಲಕ ತಳ್ಳುತ್ತಾರೆ, ಒಳ್ಳೆಯ ನೀರು ಈಚೆಗೆ, ಲವಣ ತುಂಬಿದ ನೀರು ಆಚೆಗೆ. ಘಟಕ ಕೂರಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ಪೊರೆ ಹಾಳಾದಾಗ ಬದಲಿಸುವವರು ಯಾರು, ಎಷ್ಟು ದಿನದೊಳಗೆ? ಆಚೆಗೆ ಬಿಡುವ ನೀರು ಎಲ್ಲಿಗೆ ಹೋಗುತ್ತದೆ? ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವವರು ಯಾರು? ಆಚೆಯ ನೀರನ್ನು ಇಂಗುಗುಂಡಿಗೆ ಬಿಡಬೇಡಿ. ತೆಗೆದ ಫ್ಲೋರೈಡ್ ಮತ್ತೆ ಬೋರ್‌ವೆಲ್‌ಗೇ ಹೋಗುತ್ತದೆ. ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು.

ಇನ್ನೊಂದು ದಾರಿ ಮಳೆನೀರು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಯಾಕೆಂದರೆ ಮಳೆನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ, ಕರೆಂಟೂ ಬೇಡ. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ, ಐದರಲ್ಲಿ ನಾಲ್ಕು ಪಾಲು ಸಿಕ್ಕಿದರೂ 24,000 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಅಂದುಕೊಂಡರೆ ಐದು ತಿಂಗಳ ಬೇಸಿಗೆಗೆ 7,500 ಲೀಟರಿನ ತೊಟ್ಟಿ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ತೊಟ್ಟಿಗೆ ಬಿಸಿಲು ಬೀಳದಂತೆ, ಸೊಳ್ಳೆ ಹೋಗದಂತೆ ಮುಚ್ಚಿ, ಕುಡಿಯುವ ಮುಂಚೆ ಕುದಿಸಿ. ಈ ನೀರನ್ನು ಕುದಿಸಿದರೆ ತೊಂದರೆಯಿಲ್ಲ. ಶಾಲೆ, ಅಂಗನವಾಡಿಯ ಚಾವಣಿಯಿಂದಲೇ ಶುರು ಮಾಡಿ. ಫ್ಲೋರೈಡ್ ಮೊದಲು ಹಿಡಿಯುವುದು ಬೆಳೆಯುವ ಹಲ್ಲುಗಳನ್ನೇ.

6. ಪೈಪು ಮತ್ತು ವಾಲ್ವ್

ಕೆಲಸ ನಡೆಯುವಾಗ ಸಮಿತಿಯ ಒಬ್ಬರಾದರೂ ಪೈಪು ಹಾಕಲು ತೋಡಿದ ಕಾಲುವೆಯ ಪಕ್ಕ ನಿಂತಿರಬೇಕು. ಮಣ್ಣು ಮುಚ್ಚಿದ ಮೇಲೆ ಏನು ನೋಡುತ್ತೀರಿ? ಮೂರು ಅಡಿ ಆಳ ಇದೆಯಾ ಅಂತ ಅಳೆಯಿರಿ. ಬಂಡೆ ಬಂದ ಕಡೆ ಪೈಪು ಮೇಲೆಯೇ ಬಿಟ್ಟರೆ ಟ್ರ್ಯಾಕ್ಟರ್ ಹತ್ತಿದ ದಿನ ಒಡೆಯುತ್ತದೆ. ಮುಚ್ಚುವ ಮುಂಚೆ ನೀರು ಬಿಟ್ಟು ಸೋರುತ್ತದೆಯೇ ನೋಡಿ. ಪೈಪು ಚರಂಡಿ ದಾಟಲೇಬೇಕಾದ ಕಡೆ ಚರಂಡಿಯ ಮೇಲಿನಿಂದ, ಹೊರಗೆ ಇನ್ನೊಂದು ಗಟ್ಟಿ ಪೈಪಿನ ಹೊದಿಕೆ ಹಾಕಿ ದಾಟಿಸಿ.

ಊರನ್ನು ಎರಡು ಮೂರು ಭಾಗ ಮಾಡಿ ಪ್ರತಿ ಭಾಗಕ್ಕೆ ಬೇರೆ ವಾಲ್ವ್ ಇಡಿಸಿ. ಎತ್ತರದ ಭಾಗಕ್ಕೆ ಮೊದಲು ನೀರು ಬಿಡಿ. ತಗ್ಗಿನ ಮನೆಗಳಿಗೆ ಮೊದಲು ಬಿಟ್ಟರೆ ಅವರ ಸಂಪು ತುಂಬಿ ಚರಂಡಿಗೆ ಹರಿಯುವವರೆಗೆ ಮೇಲಿನವರಿಗೆ ಹನಿಯೂ ಹತ್ತುವುದಿಲ್ಲ. ನಲ್ಲಿಗೆ ನೇರ ಮೋಟರ್ ಹಾಕುವ ಮನೆಗಳಿರುತ್ತವೆ. ಸುಮ್ನೆ ಬೈದರೆ ನಿಲ್ಲುವುದಿಲ್ಲ. ಗ್ರಾಮಸಭೆಯಲ್ಲಿ ದಂಡ ಗೊತ್ತುಮಾಡಿ, ಪಂಚಾಯಿತಿ ಸದಸ್ಯರ ಮನೆಗೂ ಅದೇ ದಂಡ ಹಾಕಿ.

ಪಿಡಿಒ "ಕೆಲಸ ಮುಗಿದಿದೆ" ಎಂಬ ಕಾಗದಕ್ಕೆ ಸಮಿತಿಯ ಸಹಿ ಕೇಳಿದರೆ ಬಕೆಟ್ ಹಿಡಿದು ಕೊನೆಯ ಮನೆಗೆ ಹೋಗಿ. ಅಲ್ಲಿ ನೀರು ಬಂದ ಮೇಲೆ ಸಹಿ.

7. ಬ್ಲೀಚಿಂಗ್ ಪೌಡರ್ ಹಾಕುವ ಕ್ರಮ

ಸಾವಿರ ಲೀಟರಿಗೆ 4 ಗ್ರಾಂ. 50,000 ಲೀಟರಿನ ಟ್ಯಾಂಕಿಗೆ 200 ಗ್ರಾಂ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರನ್ನು ಮಾತ್ರ ಟ್ಯಾಂಕಿಗೆ ಹಾಕಿ. ಅರ್ಧ ಗಂಟೆ ಬಿಟ್ಟು ವಾಲ್ವ್ ತೆರೆಯಿರಿ. ಮೂಗಿಗೆ, ಕಣ್ಣಿಗೆ ತಾಗದಂತೆ ಬಟ್ಟೆ ಕಟ್ಟಿಕೊಳ್ಳಿ.

ಹಾಕಿದ್ದು ಸಾಕಾಯಿತೇ ಅನ್ನುವುದನ್ನು ಕೊನೆಯ ಮನೆಯ ನಲ್ಲಿ ಹೇಳುತ್ತದೆ. ಕ್ಲೋರೋಸ್ಕೋಪ್ ಅನ್ನುವ ಪುಟ್ಟ ಡಬ್ಬಿಯಲ್ಲಿ ನೀರು ಹಿಡಿದು ಔಷಧಿ ಹನಿ ಹಾಕಿದರೆ ಹಳದಿ ಬಣ್ಣ ಬರುತ್ತದೆ. ಬಣ್ಣವನ್ನು ಪಟ್ಟಿಗೆ ಹೋಲಿಸಿ. ಅಲ್ಲಿ ಉಳಿದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ರೋಗ ಹರಡಿರುವ ದಿನಗಳಲ್ಲಿ 0.5. ಬಣ್ಣವೇ ಬರದಿದ್ದರೆ ಪುಡಿ ಹಳೆಯದಾಗಿರಬಹುದು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಬಣ್ಣ ಟ್ಯಾಂಕಿನ ಹತ್ತಿರ ಬಂದು ಕೊನೆಯ ಮನೆಯಲ್ಲಿ ಬರದಿದ್ದರೆ ನಡುವೆ ಎಲ್ಲೋ ಕೊಳಕು ಸೇರುತ್ತಿದೆ, ಹುಡುಕಿ.

8. ಶೌಚಾಲಯ: ಎರಡು ಗುಂಡಿ, ಮಧ್ಯೆ ಒಂದು ಪೆಟ್ಟಿಗೆ

2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಲಕ್ಷಗಟ್ಟಲೆ ಶೌಚಾಲಯ ಎದ್ದವು. ಒಳಗೆ ಇಣುಕಿದರೆ ಕೆಲವದರಲ್ಲಿ ಸೌದೆ, ಕೆಲವದರಲ್ಲಿ ಹುಲ್ಲು. ಮನೆಯವರನ್ನು ದೂರುವ ಮುಂಚೆ ಕಾರಣ ಕೇಳಿ. ನೀರಿಲ್ಲ. ಕತ್ತಲೆ. ಬಾಗಿಲು ನಿಲ್ಲುವುದಿಲ್ಲ. ಮಂಡಿ ನೋವಿನ ಅಜ್ಜಿಗೆ ಕೂರಲು ಆಗುವುದಿಲ್ಲ. ಇವುಗಳಿಗಿಂತ ದೊಡ್ಡದು ಒಂದು ಭಯ: ಗುಂಡಿ ತುಂಬಿದರೆ ಯಾರು ತೆಗೆಯುವುದು? ಆ ಭಯಕ್ಕೆ ಉತ್ತರ ಎರಡು ಗುಂಡಿಯ ಶೌಚಾಲಯ.

ಅದು ಹೀಗೆ ಕೆಲಸ ಮಾಡುತ್ತದೆ. ಬೇಸಿನ್‌ನಿಂದ ಬಂದ ಪೈಪು ಒಂದು ಚಿಕ್ಕ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಎರಡು ಗುಂಡಿಗೆ ಎರಡು ದಾರಿ. ಒಂದು ದಾರಿಯನ್ನು ಮುಚ್ಚಿರುತ್ತೀರಿ. ಮೊದಲ ಗುಂಡಿ ತುಂಬಿದಾಗ ಅದರ ದಾರಿ ಮುಚ್ಚಿ ಇನ್ನೊಂದನ್ನು ತೆರೆಯುತ್ತೀರಿ. ಮುಚ್ಚಿದ ಗುಂಡಿಯಲ್ಲಿ ನೀರು ಮಣ್ಣಿಗೆ ಇಂಗುತ್ತದೆ, ಉಳಿದದ್ದು ಎರಡು ವರ್ಷದಲ್ಲಿ ವಾಸನೆಯಿಲ್ಲದ ಕರಿ ಗೊಬ್ಬರವಾಗುತ್ತದೆ. ಮನೆಯವರೇ ಸಲಿಕೆಯಲ್ಲಿ ತೆಗೆದು ಹೊಲಕ್ಕೆ ಹಾಕಬಹುದು.

ಕಟ್ಟುವಾಗ ನೋಡಬೇಕಾದದ್ದು:

ಗುಂಡಿ ಒಂದು ಮೀಟರ್ ಅಗಲ, ಒಂದೂಕಾಲು ಮೀಟರ್‌ನಷ್ಟು ಆಳ ಸಾಕು. ಐದು ಜನರ ಮನೆಗೆ ಒಂದು ಗುಂಡಿ ತುಂಬಲು ಮೂರು ವರ್ಷವಾದರೂ ಬೇಕು. "ಹತ್ತು ಅಡಿ ತೆಗೆದುಬಿಡೋಣ, ಜನ್ಮಪೂರ್ತಿ ತುಂಬಲ್ಲ" ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಆಳ ಹೋದಷ್ಟೂ ಅಂತರ್ಜಲ ಕೆಡುತ್ತದೆ. ಗುಂಡಿಯ ತಳಕ್ಕೂ ನೀರಿನ ಮಟ್ಟಕ್ಕೂ ನಡುವೆ ಎರಡು ಮೀಟರ್ ಮಣ್ಣು ಇರಲೇಬೇಕು.

ಗೋಡೆಯ ಇಟ್ಟಿಗೆಗಳ ನಡುವೆ ಜೇನುಗೂಡಿನಂತೆ ಸಂದು ಬಿಡಿ. ತಳಕ್ಕೆ ಸಿಮೆಂಟ್ ಹಾಕಬೇಡಿ, ಮಣ್ಣೇ ಇರಲಿ. ಎರಡು ಗುಂಡಿಗಳ ನಡುವೆ ಕನಿಷ್ಠ ಒಂದು ಮೀಟರ್ ಅಂತರ ಇರಲಿ. ಅಂಟಿಸಿ ಕಟ್ಟಿದರೆ ಹೊಸ ಗುಂಡಿಯ ನೀರು ಹಳೆಯದಕ್ಕೆ ಇಳಿದು ಗೊಬ್ಬರ ಒಣಗುವುದೇ ಇಲ್ಲ. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಗುಂಡಿಯ ಸುತ್ತ ಒಂದು ಅಡಿ ದಪ್ಪ ಮರಳು ಅಥವಾ ಜಲ್ಲಿ ತುಂಬಿ.

ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಬಂಡೆ ಸೀಳಿರುವ ನೆಲದಲ್ಲಿ ಇನ್ನೂ ದೂರ ಹೋಗಿ, ಸೀಳಿನಲ್ಲಿ ನೀರು ಸೋಸದೆ ಓಡುತ್ತದೆ. ಕರಾವಳಿಯಂತೆ ಕೈಗೆ ಎಟುಕುವಷ್ಟು ಮೇಲೆ ನೀರಿರುವ ಕಡೆ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಬೇಕು, ಇಂಜಿನಿಯರನ್ನು ಕೇಳದೆ ಅಗೆಯಬೇಡಿ.

ಬೇಸಿನ್ 'ರೂರಲ್ ಪ್ಯಾನ್' ಇರಲಿ. ಇಳಿಜಾರು ಜಾಸ್ತಿ ಇರುವ ಬೇಸಿನ್ ಅದು. ಒಂದೂವರೆ, ಎರಡು ಲೀಟರ್ ನೀರಿಗೇ ಚೊಕ್ಕಟವಾಗುತ್ತದೆ. ಪಟ್ಟಣದ ಬೇಸಿನ್ ತಂದರೆ ಪ್ರತಿಸಲ ಬಕೆಟ್ ಬೇಕು. ನೀರು ಹೊರುವವರು ಹೆಂಗಸರು ಅನ್ನುವುದು ನೆನಪಿರಲಿ.

ಸ್ನಾನದ ನೀರನ್ನು ಈ ಗುಂಡಿಗೆ ಬಿಡಬೇಡಿ. ಪ್ಯಾಡ್, ಪ್ಲಾಸ್ಟಿಕ್ ಹಾಕಬೇಡಿ. ಶೌಚಾಲಯದೊಳಗೆ ಮುಚ್ಚಳದ ಬುಟ್ಟಿ ಇಡಿ, ಶಾಲೆಯ ಹೆಣ್ಣುಮಕ್ಕಳ ಶೌಚಾಲಯದಲ್ಲಿ ತಪ್ಪದೆ ಇಡಿ. ಅಲ್ಲಿ ನಲ್ಲಿಯೂ ಒಳಗೇ ಇರಬೇಕು. ಹೊರಗಿನ ತೊಟ್ಟಿಯಿಂದ ಎಲ್ಲರೆದುರು ನೀರು ಹೊತ್ತು ತರುವಂತಿದ್ದರೆ ಆ ಮಕ್ಕಳು ಮುಟ್ಟಿನ ದಿನ ಶಾಲೆಗೇ ಬರುವುದಿಲ್ಲ.

ಹಣದ ವಿಷಯ: ಅರ್ಹ ಕುಟುಂಬಕ್ಕೆ ಸ್ವಚ್ಛ ಭಾರತ ಯೋಜನೆಯಲ್ಲಿ 12,000 ರೂಪಾಯಿ ಪ್ರೋತ್ಸಾಹಧನ ಇದೆ. ಅರ್ಜಿ ಪಂಚಾಯಿತಿಯಲ್ಲಿ. ಹಣ ಬರುವುದು ಕಟ್ಟಿದ ಮೇಲೆ. ಕೈಯಲ್ಲಿ ಕಾಸಿಲ್ಲದ ಮನೆಗಳಿಗೆ ಸ್ವಸಹಾಯ ಸಂಘದಿಂದ ಸಾಲ ಕೊಡಿಸುವ ಏರ್ಪಾಡು ಮೊದಲೇ ಮಾಡಿ.

ಆಗಲೇ ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರಿಗೆ ಒಂದು ಮಾತು. ಅದು ತುಂಬಿದಾಗ ಹೀರುವ ಯಂತ್ರದ ಗಾಡಿಯನ್ನೇ ಕರೆಸಿ. ಒಳಗೆ ಮನುಷ್ಯರನ್ನು ಇಳಿಸಬೇಡಿ, ಎಷ್ಟು ದುಡ್ಡು ಕೊಡುತ್ತೇನೆಂದರೂ ಬೇಡ. ಒಳಗಿನ ಗಾಳಿ ಒಂದೆರಡು ಉಸಿರಿಗೆ ಕೊಲ್ಲುತ್ತದೆ. ಕಾಪಾಡಲು ಇಳಿದವರೂ ಸಾಯುತ್ತಾರೆ. ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಿದರು. 2013ರ ಕೇಂದ್ರದ ಕಾನೂನಿನ ಪ್ರಕಾರ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಹಾಗೆ ಇಳಿಸುವುದೂ ಅಪರಾಧ. ನಮ್ಮ ಮನೆಯ ಗುಂಡಿಗೆ ಇನ್ನೊಬ್ಬರ ಮಗನನ್ನು ಇಳಿಸುವ ಹಕ್ಕು ನಮಗಿಲ್ಲ.

9. ಬಚ್ಚಲು ನೀರು

ನಲ್ಲಿ ಬಂದ ತಿಂಗಳಲ್ಲೇ ಬೀದಿ ಕೆಸರಾಗುತ್ತದೆ. 55,000 ಲೀಟರ್ ಒಳಗೆ ಹೋದರೆ ಮುಕ್ಕಾಲು ಪಾಲಿನ ಹತ್ತಿರ, ಅಂದರೆ 40,000 ಲೀಟರ್ ಬಚ್ಚಲಿನಿಂದ ಹೊರಗೆ ಬರುತ್ತದೆ. ಯೋಜನೆ ಮಾಡುವವರು ಇದನ್ನು ಮರೆಯುತ್ತಾರೆ, ಸೊಳ್ಳೆ ಮರೆಯುವುದಿಲ್ಲ. ಜಾಗವಿರುವ ಮನೆಗೆ ಬಚ್ಚಲು ಗುಂಡಿ ಮಾಡಿಸಿ. ಮೂರು ನಾಲ್ಕು ಅಡಿ ಗುಂಡಿ, ತಳದಲ್ಲಿ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು. ನೀರು ಒಳಗೆ ಹೋಗುವ ಮುಂಚೆ ಕೂದಲು, ಅನ್ನದ ಅಗುಳು, ಸೋಪಿನ ಜಿಡ್ಡು ತಡೆಯುವ ಚಿಕ್ಕ ತೊಟ್ಟಿ ಇರಲಿ. ಅದನ್ನು ವಾರಕ್ಕೊಮ್ಮೆ ತೆಗೆಯದಿದ್ದರೆ ಗುಂಡಿ ಕಟ್ಟಿಕೊಳ್ಳುತ್ತದೆ. ಕೂಲಿ, ಸಾಮಗ್ರಿಗೆ ಸರ್ಕಾರದ ಉದ್ಯೋಗ ಯೋಜನೆಯಲ್ಲಿ ಈಗ ಏನು ಅವಕಾಶವಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಹಿತ್ತಲಿದ್ದರೆ ಬಾಳೆ, ಕೆಸುವಿನ ಬುಡಕ್ಕೆ ಬಿಟ್ಟರೂ ಆಯಿತು.

10. ದುಡ್ಡು, ನೀರಗಂಟಿ, ಲೆಕ್ಕದ ಪುಸ್ತಕ

ಕಟ್ಟುವ ಖರ್ಚಿನಲ್ಲಿ ಊರಿನ ಪಾಲು ಇದೆ. ಜಲ ಜೀವನ್ ಮಿಷನ್ ನಿಯಮದಲ್ಲಿ ಹಳ್ಳಿಯೊಳಗಿನ ಕೆಲಸದ ಶೇ 10. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಹಳ್ಳಿಗೆ ಶೇ 5. ಹಣವಾಗಿಯೇ ಕೊಡಬೇಕೆಂದಿಲ್ಲ, ವಸ್ತುವಾಗಿ, ಕೂಲಿಯಾಗಿಯೂ ಕೊಡಬಹುದು.

ಆದರೆ ಊರನ್ನು ಸೋಲಿಸುವುದು ತಿಂಗಳ ಖರ್ಚು. ಒಂದು ಹಾಳೆಯಲ್ಲಿ ಬರೆಯಿರಿ: ಕರೆಂಟು, ನೀರಗಂಟಿಯ ಸಂಬಳ, ಬ್ಲೀಚಿಂಗ್, ರಿಪೇರಿ, ಸುಟ್ಟ ಮೋಟರಿಗೆ ಎತ್ತಿಡುವ ಹಣ. ಒಟ್ಟನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ಮನೆಗೆ ನೂರು ರೂಪಾಯಿಯಂತೆ 200 ಮನೆಯಿಂದ ತಿಂಗಳಿಗೆ 20,000 ಬರುತ್ತದೆ. ನಿಮ್ಮ ಖರ್ಚು ಅದಕ್ಕಿಂತ ಜಾಸ್ತಿಯಿದ್ದರೆ ಉಳಿದದ್ದು ಪಂಚಾಯಿತಿಯ ಯಾವ ಲೆಕ್ಕದಿಂದ ಎಂದು ಮೊದಲೇ ಗೊತ್ತಾಗಲಿ. ಕೊಡಲಾರದ ವಿಧವೆಯ ಮನೆ, ಒಂಟಿ ಮುದುಕರ ಮನೆಗೆ ರಿಯಾಯಿತಿ ಗ್ರಾಮಸಭೆಯಲ್ಲೇ ತೀರ್ಮಾನವಾಗಲಿ. ಬಂದದ್ದು, ಹೋದದ್ದು ಎರಡನ್ನೂ ಪ್ರತಿ ತಿಂಗಳು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ನೀರಿನ ಕರ ಕಟ್ಟದವರಿಗೆ ಕೇಳಿ ನೋಡಿ, ಹಣ ಇಲ್ಲ ಅನ್ನುವವರಿಗಿಂತ ಲೆಕ್ಕ ಗೊತ್ತಿಲ್ಲ ಅನ್ನುವವರೇ ಹೆಚ್ಚು.

ಹಿಂದೆ ಕೆರೆ ತೂಬಿನ ಕೀಲಿ ನೀರಗಂಟಿಯ ಕೈಯಲ್ಲಿತ್ತು, ಯಾರ ಗದ್ದೆಗೆ ಎಷ್ಟು ನೀರು ಅನ್ನುವುದು ಅವನ ಮಾತು. ಇವತ್ತಿನ ನೀರಗಂಟಿಗೆ ಮಾತ್ರ ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ. ಅವರ ಸಂಬಳ ಸಮಯಕ್ಕೆ ಬರುವಂತೆ ನೋಡಿಕೊಳ್ಳುವುದು ಸಮಿತಿಯ ಮೊದಲ ಕೆಲಸ. ಎಲ್ಲ ವಾಲ್ವ್ ಗೊತ್ತಿರುವುದು ಅವರೊಬ್ಬರಿಗೇ ಆದರೆ ಅವರು ಮಲಗಿದ ದಿನ ಊರಿಗೆ ನೀರಿಲ್ಲ. ಇನ್ನೊಬ್ಬರಿಗೆ, ಸಾಧ್ಯವಾದರೆ ಒಬ್ಬ ಹೆಣ್ಣುಮಗಳಿಗೆ, ಜೊತೆಯಲ್ಲೇ ಕಲಿಸಿ. ವಾಲ್ವ್‌ಗಳ ನಕ್ಷೆಯನ್ನು ಪಂಪ್‌ಹೌಸಿನ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿ.

11. ಕೆಟ್ಟ ದಿನಕ್ಕೆ ತಯಾರಿ

ಮೊದಲ ದೊಡ್ಡ ಮಳೆ ಬಿದ್ದ ವಾರ ಎಲ್ಲಕ್ಕಿಂತ ಅಪಾಯದ್ದು. ಒಂದೇ ಬೀದಿಯಲ್ಲಿ ಎರಡು ಮೂರು ಮನೆಗೆ ವಾಂತಿ ಭೇದಿ ಅಂತ ಕೇಳಿದ ಕೂಡಲೇ ವರದಿಗಾಗಿ ಕಾಯಬೇಡಿ. ಆ ಭಾಗದ ವಾಲ್ವ್ ಮುಚ್ಚಿ. ಡಂಗುರ ಹೊಡೆಸಿ, ಮೈಕಿನಲ್ಲಿ ಕೂಗಿಸಿ: ನಲ್ಲಿ ನೀರು ಕುಡಿಯಬೇಡಿ. ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಟ್ಯಾಂಕರಿನಲ್ಲಿ ಬೇರೆ ನೀರು ತರಿಸಿ, ಅದಕ್ಕೂ ಬ್ಲೀಚಿಂಗ್ ಹಾಕಿಸಿ.

ರೋಗಿಗೆ ಓಆರ್‌ಎಸ್ ಪುಡಿ ಸಿಗುವವರೆಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮಗುವಿನ ಕಣ್ಣು ಒಳಗೆ ಹೋಗಿದ್ದರೆ, ಉಚ್ಚೆ ನಿಂತಿದ್ದರೆ, ಕುಡಿಯಲೂ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆಮೇಲೆ ನಕ್ಷೆ ತೆಗೆಯಿರಿ. ಮೊದಲ ದಿನ ದಪ್ಪ ಗೆರೆ ಎಳೆದಿದ್ದ ಜಾಗಗಳಿಗೇ ಮೊದಲು ಹೋಗಿ. ಒಡೆದ ಪೈಪು ಸಿಕ್ಕಿದರೆ ಸರಿಮಾಡಿಸಿ, ಟ್ಯಾಂಕು ಖಾಲಿ ಮಾಡಿ ಉಜ್ಜಿಸಿ, ಮಾಮೂಲಿಗಿಂತ ಹೆಚ್ಚು ಬ್ಲೀಚಿಂಗ್ ಹಾಕಿದ ನೀರನ್ನು ಪೈಪಿನಲ್ಲಿ ತುಂಬಿ ಕೆಲವು ಗಂಟೆ ಬಿಡಿ. ಆ ನೀರನ್ನು ಪೂರ್ತಿ ಹೊರಗೆ ಹರಿಸಿ. ಮತ್ತೆ ಮಾಮೂಲಿ ನೀರು ಬಿಟ್ಟು ಕಿಟ್‌ನ ಎರಡು ಚಿಕ್ಕ ಬಾಟಲಿ ತುಂಬಿಸಿ, ಒಂದು ಟ್ಯಾಂಕಿನ ಹತ್ತಿರ, ಒಂದು ಕೊನೆಯ ಮನೆಯಲ್ಲಿ. ಎರಡು ದಿನ ಕಾಯಿರಿ. ಎರಡೂ ಕಪ್ಪಾಗದೆ ಉಳಿದ ಮೇಲೆ ಮತ್ತೊಂದು ಸಲ ಡಂಗುರ ಹೊಡೆಸಿ.